ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಫೋಟೊ ಏನು ಮಾಡಿತು?

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯ ವಿರುದ್ಧ ಫೋಟೊಗ್ರಾಫರ್‌ಗಳೂ ಹೋರಾಡಿದರು ಅಂತ ಓದಿದ್ದೇನೆ. ಆದರೆ ಬಂದೂಕು ಹಿಡಿದು ನಿಂತ ಸರ್ಕಾರದ ಮುಂದೆ ಒಂದು ಫೋಟೊ ಏನು ಮಾಡೀತು? ಇನ್ನೊಬ್ಬರ ನೋವನ್ನು ಚಿತ್ರ ತೆಗೆದು ಪತ್ರಿಕೆಗೆ ಮಾರಿದ ಹಾಗೆ ಆಗುವುದಿಲ್ಲವೇ? ಮೊದಲು ಯಾರ ಕೆಲಸ ನೋಡಬೇಕು ಅಂತಲೂ ತಿಳಿಸಿ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯೇ ಕಷ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ವಿಷಯ ಹೇಳಿಬಿಡಬೇಕು, ಯಾಕೆಂದರೆ ಇದನ್ನು ಬಿಟ್ಟರೆ ಮುಂದಿನದು ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಆ ದೇಶದಲ್ಲಿ ಕ್ಯಾಮೆರಾ ಹೋರಾಟಗಾರರ ಕೈಗೆ ಬರುವ ಮೊದಲೇ ಸರ್ಕಾರದ ಕೈಯಲ್ಲಿತ್ತು.

1952ರಲ್ಲಿ ಒಂದು ಕಾನೂನು ಬಂತು. 16 ವರ್ಷ ದಾಟಿದ ಪ್ರತಿಯೊಬ್ಬ ಕಪ್ಪು ಗಂಡಸೂ ಒಂದು ಪಾಸ್‌ಬುಕ್ ಇಟ್ಟುಕೊಂಡೇ ಓಡಾಡಬೇಕು. ಕೆಲವೇ ವರ್ಷಗಳಲ್ಲಿ ಅದನ್ನು ಹೆಂಗಸರಿಗೂ ಹೇರಿದರು. ಅದರಲ್ಲಿ ಅವರ ಫೋಟೊ, ಎಲ್ಲಿ ಕೆಲಸ, ಯಾವ ಊರಿನಲ್ಲಿ ಇರಲು ಅನುಮತಿ, ಯಜಮಾನನ ರುಜು, ಎಲ್ಲ ಇರುತ್ತಿತ್ತು. ಬೀದಿಯಲ್ಲಿ ಯಾವ ಪೊಲೀಸ್ ಕೇಳಿದರೂ ತೆಗೆದು ತೋರಿಸಬೇಕು. ಮನೆಯಲ್ಲಿ ಮರೆತು ಬಂದಿದ್ದರೆ ನೇರ ಲಾಕಪ್. ಅಂದರೆ ಆ ದೇಶದ ಕಪ್ಪು ಜನರಲ್ಲಿ ಬಹುಪಾಲು ಮಂದಿ ಒಮ್ಮೆಯಾದರೂ ಕ್ಯಾಮೆರಾ ಮುಂದೆ ನಿಂತವರೇ. ಆದರೆ ಆ ಚಿತ್ರ ತೆಗೆಸಿಕೊಂಡದ್ದು ತಮಗಾಗಿ ಅಲ್ಲ, ತಮ್ಮನ್ನು ಹಿಡಿಯುವವರಿಗಾಗಿ.

ಆ ಫೋಟೊ ತೆಗೆಯುವ ಯಂತ್ರ ಎಲ್ಲಿಂದ ಬರುತ್ತಿತ್ತು ಅನ್ನುವುದೂ ಒಂದು ಕಥೆ. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯ ಇಬ್ಬರು ಕಪ್ಪು ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಕಚೇರಿಯ ಗೋಡೆಯ ಮೇಲೆ ದಕ್ಷಿಣ ಆಫ್ರಿಕಾದ ಗಣಿ ಇಲಾಖೆಗೆ ಮಾಡಿದ ಒಂದು ಗುರುತಿನ ಚೀಟಿಯ ಮಾದರಿ ನೋಡಿದರು. ಕೆದಕಿದಾಗ ತಮ್ಮ ಕಂಪನಿಯ ಕ್ಯಾಮೆರಾ ಪಾಸ್‌ಬುಕ್ಕಿನ ಕೆಲಸಕ್ಕೆ ಹೋಗುತ್ತಿದೆ ಅಂತ ಗೊತ್ತಾಯಿತು. ಒಂದೇ ನಿಮಿಷದಲ್ಲಿ ಫೋಟೊ ಬರುತ್ತದೆ ಅನ್ನುವುದು ಆ ಕಂಪನಿಯ ಹೆಮ್ಮೆ. ಆ ಒಂದು ನಿಮಿಷದಲ್ಲೇ ಪೋಲರಾಯ್ಡ್ ಕಪ್ಪು ಜನರನ್ನು ಸೆರೆಗೆ ಹಾಕುತ್ತದೆ ಅಂತ ಇವರು ಕರಪತ್ರ ಹಂಚಿದರು. ಹಂಟರ್ ಅವರನ್ನು ಕೆಲಸದಿಂದ ತೆಗೆದರು. ಆದರೂ ಬಹಿಷ್ಕಾರದ ಕರೆ ನಿಲ್ಲಲಿಲ್ಲ. ಅಲ್ಲಿನ ಏಜೆಂಟರು ಗುಟ್ಟಾಗಿ ಸರ್ಕಾರಕ್ಕೆ ಮಾರುತ್ತಲೇ ಇದ್ದದ್ದು ಬಯಲಾಗಿ, 1977ರಲ್ಲಿ ಪೋಲರಾಯ್ಡ್ ಆ ದೇಶದಿಂದಲೇ ಹೊರಬಿತ್ತು.

ಹಾಗಾಗಿ ಅಲ್ಲಿ ಕಪ್ಪು ಫೋಟೊಗ್ರಾಫರ್ ಒಬ್ಬ ಕ್ಯಾಮೆರಾ ಎತ್ತಿದ ಅಂದರೆ ಸುಮ್ನೆ ಸುದ್ದಿಗೆ ಚಿತ್ರ ತೆಗೆದ ಅಂತಲ್ಲ. ಯಾರು ಯಾರನ್ನು ನೋಡಬೇಕು, ಯಾವ ಲೆಕ್ಕ ಯಾರು ಬರೆದಿಡಬೇಕು ಅನ್ನುವ ಅಧಿಕಾರ ಸರ್ಕಾರದ್ದೊಂದೇ ಆಗಿತ್ತಲ್ಲ, ಅದಕ್ಕೇ ಆತ ಕೈ ಹಾಕಿದ. ಪ್ರತಿರೋಧ ಅನ್ನುವುದು ನನ್ನ ಪ್ರಕಾರ ಶುರುವಾಗುವುದೇ ಅಲ್ಲಿಂದ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವನು ಅರ್ನೆಸ್ಟ್ ಕೋಲ್. ನನಗೆ ಈತನ ಮೇಲೆ ಒಂದು ಕೈ ಜಾಸ್ತಿಯೇ ಅಭಿಮಾನ, ಅದನ್ನು ಮುಚ್ಚಿಡುವುದಿಲ್ಲ. 1940ರಲ್ಲಿ ಪ್ರಿಟೋರಿಯಾ ಹತ್ತಿರ ಹುಟ್ಟಿದ. ಚಿಕ್ಕ ವಯಸ್ಸಿಗೇ ಜೋಹಾನ್ಸ್‌ಬರ್ಗಿನ ಡ್ರಮ್ ಪತ್ರಿಕೆ ಸೇರಿದ. ಕಪ್ಪು ಓದುಗರಿಗಾಗಿ ಬರುತ್ತಿದ್ದ ಆ ಪತ್ರಿಕೆ ಒಂದು ತಲೆಮಾರಿನ ಫೋಟೊಗ್ರಾಫರ್‌ಗಳಿಗೆ ಶಾಲೆಯೇ ಆಗಿತ್ತು. ಅವನ ಹೆಸರು ಮೊದಲು ಕೋಲೆ. ಅದನ್ನು ಕೋಲ್ ಅಂತ ಮಾಡಿಕೊಂಡು, ತಾನು 'ಕಪ್ಪು' ಅಲ್ಲ, 'ಕಲರ್ಡ್' ಅಂದರೆ ಮಿಶ್ರ ಜನಾಂಗದವನು ಅಂತ ಸರ್ಕಾರಿ ದಾಖಲೆಯಲ್ಲಿ ಬದಲಾಯಿಸಿಕೊಂಡ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುತ್ತದೋ ನಿಲ್ಲುತ್ತದೋ ನೋಡಿ ಮನುಷ್ಯನ ಜನಾಂಗ ತೀರ್ಮಾನ ಮಾಡುತ್ತಿದ್ದ ಕಾಲ ಅದು. ಕಲರ್ಡ್ ಆದರೆ ಪಾಸ್‌ಬುಕ್ಕಿನ ಕಾಟ ಇಲ್ಲ, ಓಡಾಟ ಸಲೀಸು, ಪಾಸ್‌ಪೋರ್ಟೂ ಸಿಗಬಹುದು. ತನ್ನ ಜನರ ಬದುಕನ್ನು ತೋರಿಸಬೇಕಾದರೆ ಕಾಗದದ ಮೇಲೆ ತಾನು ಅವರಲ್ಲಿ ಒಬ್ಬನಲ್ಲ ಅಂತ ಬರೆಸಿಕೊಳ್ಳಬೇಕಾಯಿತು. ಇದಕ್ಕಿಂತ ಕ್ರೂರವಾದ ಷರತ್ತು ಇನ್ನೇನಿದೆ ಹೇಳಿ?

ಕೋಲ್ ಏನನ್ನು ತೆಗೆದ ಅನ್ನುವುದು ಮುಖ್ಯ. ಗೋಲಿಬಾರ್, ಹೆಣ, ಬೆಂಕಿ ಇವುಗಳ ಹಿಂದೆ ಅವನು ಓಡಲಿಲ್ಲ. ಆ ವ್ಯವಸ್ಥೆ ಪ್ರತಿದಿನ ಹೇಗೆ ನಡೆಯುತ್ತದೆ ಅಂತ ಒಂದೊಂದೇ ಭಾಗ ಬಿಚ್ಚಿ ತೋರಿಸಿದ. ಬೆಳಗಿನ ಜಾವ ಬಾಗಿಲಿಗೆ ಜೋತುಬಿದ್ದು ಹೋಗುವ ರೈಲು ಪ್ರಯಾಣಿಕರು. ಪಾಸ್ ಇಲ್ಲದೆ ಸಿಕ್ಕಿ ಕೈಕೋಳ ಹಾಕಿಸಿಕೊಂಡು ಸಾಲಾಗಿ ನಿಂತವರು. ಬೆಂಚೇ ಇಲ್ಲದ ಶಾಲೆಯಲ್ಲಿ ನೆಲಕ್ಕೆ ಬಾಗಿ ಬರೆಯುವ ಮಕ್ಕಳು. ಬಿಳಿಯರ ಮಗುವನ್ನು ಸಾಕುವ ಆಯಾ, 'ಬಿಳಿಯರಿಗೆ ಮಾತ್ರ' ಅನ್ನುವ ಬೋರ್ಡುಗಳು, ಆಸ್ಪತ್ರೆಯ ನೆಲದ ಮೇಲೆ ಮಲಗಿದ ರೋಗಿಗಳು. ಚಿನ್ನದ ಗಣಿಗೆ ಹೊಸದಾಗಿ ಸೇರುವವರ ವೈದ್ಯಕೀಯ ತಪಾಸಣೆಯ ಒಂದು ಚಿತ್ರವಿದೆ. ಗಂಡಸರು ಬೆತ್ತಲೆಯಾಗಿ, ಗೋಡೆಗೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ಸಾಲಾಗಿ ನಿಂತಿದ್ದಾರೆ. ಯಾರೂ ಹೊಡೆಯುತ್ತಿಲ್ಲ, ರಕ್ತವಿಲ್ಲ. ಅದು ಅಲ್ಲಿ ಮಾಮೂಲಿ ಕೆಲಸದ ದಿನ. ಗಣಿಯ ಕಾವಲು ದಾಟಿ ಒಳಗೆ ಹೋಗಲು ಅವನು ಕ್ಯಾಮೆರಾವನ್ನು ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ.

ಇದೇ ಯಾಕೆ ಸರ್ಕಾರಕ್ಕೆ ಅಷ್ಟು ಉರಿ ಹತ್ತಿಸಿತು? ಗಲಭೆಯ ಫೋಟೊ ಬಂದರೆ ಸರ್ಕಾರದ ಬಳಿ ಉತ್ತರ ತಯಾರಿರುತ್ತದೆ. ಅದು ಕಿಡಿಗೇಡಿಗಳ ಕೆಲಸ, ಪೊಲೀಸರು ಆತ್ಮರಕ್ಷಣೆಗೆ ಗುಂಡು ಹಾರಿಸಿದರು, ಕಮ್ಯುನಿಸ್ಟರ ಕೈವಾಡ, ಹೀಗೆ. ಮಾಮೂಲಿ ದಿನದ ಫೋಟೊಗೆ ಆ ಉತ್ತರ ಹೊಂದುವುದಿಲ್ಲ. 'ಪ್ರತ್ಯೇಕ ಅಭಿವೃದ್ಧಿ' ಅಂತ ಹೊರಜಗತ್ತಿಗೆ ಹೇಳುತ್ತಿದ್ದದ್ದು ನಿಜವಾಗಿ ಹೇಗಿರುತ್ತದೆ ಅನ್ನುವುದು, ಕಾನೂನು ಪ್ರಕಾರ ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ, ಅದರಲ್ಲಿ ಕಾಣುತ್ತದೆ.

ಒಂದು ದಿನ ಬೀದಿ ಕಳ್ಳರ ಗುಂಪಿನ ಚಿತ್ರ ತೆಗೆಯುತ್ತಿದ್ದಾಗ ಕೋಲ್ ಪೊಲೀಸರ ಕೈಗೆ ಸಿಕ್ಕಿಬಿದ್ದ. ನಮಗೆ ಮಾಹಿತಿ ಕೊಡುವವನಾಗು, ಇಲ್ಲದಿದ್ದರೆ ಕೇಸು ಎದುರಿಸು ಅಂದರು. 1966ರಲ್ಲಿ, ಫ್ರಾನ್ಸಿನ ಲೂರ್ದ್‌ಗೆ ತೀರ್ಥಯಾತ್ರೆ ಅಂತ ಕಾರಣ ಕೊಟ್ಟು ದೇಶ ಬಿಟ್ಟ. ಚಿತ್ರಗಳೂ ಹೊರಗೆ ಹೋದವು. 1967ರಲ್ಲಿ ನ್ಯೂಯಾರ್ಕಿನಲ್ಲಿ 'ಹೌಸ್ ಆಫ್ ಬಾಂಡೇಜ್' ಪುಸ್ತಕ ಬಂತು. ದಕ್ಷಿಣ ಆಫ್ರಿಕಾ ಅದನ್ನು ನಿಷೇಧಿಸಿತು, ಅವನಿಗೆ ವಾಪಸ್ ಹೋಗುವ ದಾರಿಯೂ ಮುಚ್ಚಿತು. ಅಮೆರಿಕದಲ್ಲಿ ಕಪ್ಪು ಜನರ ಬದುಕನ್ನು ತೆಗೆಯಲು ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ತೆಗೆದ. ಆದರೆ ಬದುಕು ನೆಲೆ ನಿಲ್ಲಲಿಲ್ಲ, ಮನೆಯೇ ಇಲ್ಲದೆ ಅಲೆದ ಕಾಲವೂ ಇತ್ತು. 1990ರ ಫೆಬ್ರವರಿಯಲ್ಲಿ, ಮಂಡೇಲಾ ಜೈಲಿನಿಂದ ಹೊರಬಂದ ಕೆಲವೇ ದಿನಗಳಿಗೆ, 49ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅವನ ನೆಗೆಟಿವ್‌ಗಳು ಕಳೆದೇಹೋದವು ಅಂತ ಎಲ್ಲರೂ ಅಂದುಕೊಂಡಿದ್ದರು. 2017ರಲ್ಲಿ ಸ್ವೀಡನ್ನಿನ ಒಂದು ಬ್ಯಾಂಕ್ ಲಾಕರಿನಲ್ಲಿ ಸುಮಾರು 60,000 ನೆಗೆಟಿವ್ ಸಿಕ್ಕವು.

ಪೀಟರ್ ಮಗುಬಾನೆ ಇನ್ನೊಂದು ಥರದ ಮನುಷ್ಯ. ಡ್ರಮ್ ಪತ್ರಿಕೆಗೆ ಡ್ರೈವರ್ ಆಗಿ ಸೇರಿ ಫೋಟೊಗ್ರಾಫರ್ ಆದವರು. ಝೀರಸ್ಟ್ ಅನ್ನುವ ಊರಿನಲ್ಲಿ ಹೆಂಗಸರು ಪಾಸ್ ವಿರುದ್ಧ ಎದ್ದಾಗ ಅಲ್ಲಿ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಮಗುಬಾನೆ ಒಂದು ಬ್ರೆಡ್ಡಿನ ಒಳಭಾಗ ತೆಗೆದು, ಕ್ಯಾಮೆರಾ ತುರುಕಿ, ತಿನ್ನುತ್ತಿರುವ ಹಾಗೆ ನಟಿಸುತ್ತ ಚಿತ್ರ ತೆಗೆದರು. ಬ್ರೆಡ್ ಮುಗಿದ ಮೇಲೆ ಹಾಲಿನ ಡಬ್ಬಿ. ಇನ್ನೊಮ್ಮೆ ಟೊಳ್ಳು ಮಾಡಿದ ಬೈಬಲ್. ಕೇಳಲು ಸಾಹಸದ ಕಥೆಯ ಹಾಗಿದೆ, ಆದರೆ ತೆತ್ತ ಬೆಲೆ ದೊಡ್ಡದು. 1969ರಲ್ಲಿ ಬಂಧನ, 586 ದಿನ ಒಂಟಿ ಸೆರೆ. ಬಿಟ್ಟ ಮೇಲೆ ಐದು ವರ್ಷ ಫೋಟೊ ತೆಗೆಯುವ ಹಾಗೇ ಇಲ್ಲ ಅಂತ ನಿಷೇಧ. ಒಬ್ಬ ಮನುಷ್ಯನಿಗೆ ಕ್ಯಾಮೆರಾ ಮುಟ್ಟಬೇಡ ಅಂತ ಸರ್ಕಾರವೊಂದು ಐದು ವರ್ಷ ಆಜ್ಞೆ ಹೊರಡಿಸುತ್ತದೆ ಅಂದರೆ, 'ಫೋಟೊ ಏನು ಮಾಡೀತು' ಅನ್ನುವ ನಿಮ್ಮ ಪ್ರಶ್ನೆಗೆ ಆ ಸರ್ಕಾರವೇ ಕೊಟ್ಟ ಉತ್ತರ ಅದು.

1960ರ ಮಾರ್ಚ್ 21, ಶಾರ್ಪ್‌ವಿಲ್. ಪಾಸ್ ವಿರುದ್ಧ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತರು. ಡ್ರಮ್‌ನ ಫೋಟೊಗ್ರಾಫರ್ ಇಯಾನ್ ಬೆರ್ರಿ ಸ್ಥಳದಲ್ಲಿದ್ದರು. ಅವರ ಚಿತ್ರದಲ್ಲಿ ಜನ ಕ್ಯಾಮೆರಾ ಕಡೆಗೆ, ಅಂದರೆ ಪೊಲೀಸರಿಗೆ ಬೆನ್ನು ಹಾಕಿ, ಓಡಿ ಬರುತ್ತಿದ್ದಾರೆ. ಮೇಲೆ ಬಿದ್ದವರ ಮೇಲೆ ಗುಂಡು ಹಾರಿಸಿದೆವು ಅನ್ನುವ ಪೊಲೀಸರ ಮಾತಿನ ಪಕ್ಕದಲ್ಲಿ ಈ ಚಿತ್ರ ಇಟ್ಟು ನೋಡಿ, ಸಾಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇನ್ನೊಬ್ಬರ ನೋವು.

ಜೋಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊ, 1976ರ ಜೂನ್ 16. ಶಾಲೆಗಳಲ್ಲಿ ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆ ಹೇರಿದ್ದರ ವಿರುದ್ಧ ಸಾವಿರಾರು ಮಕ್ಕಳು ಮೆರವಣಿಗೆ ಹೊರಟಿದ್ದರು. ಪೊಲೀಸರ ಗುಂಡಿಗೆ 12 ವರ್ಷದ ಹೆಕ್ಟರ್ ಪೀಟರ್ಸನ್ ಬಿದ್ದ. ಎಂಬುಯಿಸಾ ಮಖುಬು ಅನ್ನುವ ಹುಡುಗ ಅವನನ್ನು ಎತ್ತಿಕೊಂಡು ಓಡಿದ. ಪಕ್ಕದಲ್ಲಿ ಹೆಕ್ಟರನ ಅಕ್ಕ ಆಂಟೊನೆಟ್, ಕೈ ಚಾಚಿ ಅಳುತ್ತ. ದಿ ವರ್ಲ್ಡ್ ಪತ್ರಿಕೆಯ ಸ್ಯಾಮ್ ಎನ್‌ಝಿಮಾ ಆ ಚಿತ್ರ ತೆಗೆದು, ರೋಲನ್ನು ಕಾಲುಚೀಲದಲ್ಲಿ ಬಚ್ಚಿಟ್ಟರು. ಚಿತ್ರ ಜಗತ್ತಿನ ತುಂಬ ಹರಡಿತು. ನೀವೂ ನೋಡಿರುತ್ತೀರಿ.

ಆಮೇಲೆ? ಪೊಲೀಸರ ಕಾಟಕ್ಕೆ ಎನ್‌ಝಿಮಾ ಜೋಹಾನ್ಸ್‌ಬರ್ಗ್ ಬಿಟ್ಟು ಹಳ್ಳಿ ಸೇರಿದರು, ಅಲ್ಲಿ ಗೃಹಬಂಧನ. ಆ ಚಿತ್ರದ ಹಕ್ಕು ಅವರಿಗೆ ಸಿಕ್ಕಿದ್ದು 1998ರಲ್ಲಿ. ಅಷ್ಟು ವರ್ಷ ಆ ಚಿತ್ರ ಭಿತ್ತಿಪತ್ರದಲ್ಲಿ, ಟೀ ಶರ್ಟಿನಲ್ಲಿ, ಪುಸ್ತಕಗಳಲ್ಲಿ ಓಡಾಡಿತ್ತು. 1977ರ ಅಕ್ಟೋಬರಿನಲ್ಲಿ ಸರ್ಕಾರ ದಿ ವರ್ಲ್ಡ್ ಪತ್ರಿಕೆಯನ್ನೇ ಮುಚ್ಚಿಸಿತು. ಮಖುಬು ಕಥೆ ಇನ್ನೂ ಸಂಕಟದ್ದು. ಗಾಯಗೊಂಡ ಮಗುವನ್ನು ಎತ್ತಿಕೊಂಡದ್ದೇ ತಪ್ಪು ಅನ್ನುವ ಹಾಗೆ ಪೊಲೀಸರು ಬೆನ್ನು ಹತ್ತಿದರು. ಬೋಟ್ಸ್ವಾನಾಕ್ಕೆ ಓಡಿದ, ಅಲ್ಲಿಂದ ನೈಜೀರಿಯಾ. 1978ರಲ್ಲಿ ತಾಯಿಗೆ ಒಂದು ಕಾಗದ ಬಂತು. ಅದೇ ಕೊನೆ. ಆ ತಾಯಿಗೆ ಮಗ ಮರಳಿ ಸಿಗಲಿಲ್ಲ.

ಹೀಗಾಗಿ 'ಫೋಟೊ ಜಗತ್ತನ್ನು ಎಚ್ಚರಿಸಿತು' ಅಂತ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಚಿತ್ರದೊಳಗೆ ಇದ್ದವರೂ ಬೆಲೆ ಕೊಟ್ಟರು, ಕೆಲವು ಸಲ ತೆಗೆದವರಿಗಿಂತ ಜಾಸ್ತಿ. ಸೊವೆಟೊದ ವಿದ್ಯಾರ್ಥಿಗಳಿಗೆ ಇದು ಗೊತ್ತಿತ್ತು. ಅವತ್ತು ಕೆಲವರು ಫೋಟೊ ಬೇಡ ಅಂತ ತಡೆದರು. ಅವರ ಭಯ ಸುಳ್ಳಲ್ಲ, ಪೊಲೀಸರ ಕೈಗೆ ಸಿಕ್ಕ ಚಿತ್ರ ನಾಳೆ ಅವರದೇ ಮೇಲಿನ ಸಾಕ್ಷಿ. ಮಗುಬಾನೆ ಆ ವಿದ್ಯಾರ್ಥಿಗಳ ಜೊತೆ ಮಾತಾಡಿದರು, ದಾಖಲೆಯೇ ಇಲ್ಲದ ಹೋರಾಟ ಹೋರಾಟವಾಗಿ ಉಳಿಯುವುದಿಲ್ಲ ಅಂತ ವಾದಿಸಿದರು. ಅವರು ಒಪ್ಪಿದ ಮೇಲೆ ತೆಗೆದರು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಆ ಮಾತುಕತೆ. ಅಂಥ ದಿನವೂ ಕೇಳಿದರು, ವಾದಿಸಿದರು, ಎದುರಿನವರಿಗೆ 'ಬೇಡ' ಅನ್ನುವ ಅವಕಾಶ ಇತ್ತು. ಪಾಸ್‌ಬುಕ್ಕಿನ ಕ್ಯಾಮೆರಾ ಮುಂದೆ ಅದು ಇರಲಿಲ್ಲ, ಅಲ್ವಾ?

ಮಾರಾಟದ ವಿಷಯವನ್ನು ಅಲ್ಲಿನವರೇ ನಮಗಿಂತ ಖಾರವಾಗಿ ಚರ್ಚೆ ಮಾಡಿದ್ದಾರೆ. 1982ರಲ್ಲಿ ಅಫ್ರಾಪಿಕ್ಸ್ ಅಂತ ಒಂದು ಫೋಟೊಗ್ರಾಫರ್‌ಗಳ ಕೂಟ ಹುಟ್ಟಿತು. ಒಮರ್ ಬಾದ್‌ಶಾ, ಪಾಲ್ ವೈನ್‌ಬರ್ಗ್, ಸೆಡ್ರಿಕ್ ನನ್, ಲೆಸ್ಲಿ ಲಾಸನ್ ಮುಂತಾದವರು. ಕಪ್ಪು, ಬಿಳಿ, ಭಾರತೀಯ ಮೂಲದವರು ಒಂದೇ ಕೂಟದಲ್ಲಿ, ಅದೂ ಯಾರು ಯಾವ ಬಡಾವಣೆಯಲ್ಲಿ ಇರಬೇಕು ಅಂತ ಕಾನೂನೇ ಜನಾಂಗ ನೋಡಿ ಹೇಳುತ್ತಿದ್ದ ದೇಶದಲ್ಲಿ. ಬಾದ್‌ಶಾ ಡರ್ಬನ್ನಿನವರು, ಅವರ ಮನೆತನ ಗುಜರಾತಿನ ತಡಕೇಶ್ವರದ್ದು. ಕಾರ್ಮಿಕ ಸಂಘಟನೆಯಿಂದ ಫೋಟೊಗ್ರಫಿಗೆ ಬಂದವರು. 1979ರಲ್ಲಿ ತಮ್ಮ ಪುಟ್ಟ ಮಗಳಿಗೆ ಅರ್ಪಿಸಿ, ಆ ದೇಶದ ಮಕ್ಕಳ ಬದುಕಿನ ಚಿತ್ರಗಳ ಪುಸ್ತಕ ತಂದರು. ಮಕ್ಕಳ ಚಿತ್ರಗಳ ಆ ಪುಸ್ತಕವನ್ನೂ ಸರ್ಕಾರ ನಿಷೇಧಿಸಿತು.

ಅಫ್ರಾಪಿಕ್ಸ್ ಮಾಡಿದ ಕೆಲಸದಲ್ಲಿ ಚಿತ್ರ ತೆಗೆಯುವುದು ಒಂದು ಭಾಗ ಅಷ್ಟೇ. ಕಾರ್ಮಿಕ ಸಂಘಗಳಿಗೆ, ಸಮುದಾಯದ ಪತ್ರಿಕೆಗಳಿಗೆ ಚಿತ್ರ ಕೊಟ್ಟರು. ಹೊಸಬರಿಗೆ ಕಲಿಸಿದರು. ನೆಗೆಟಿವ್ ಜೋಪಾನ ಮಾಡಿದರು. ಹೊರದೇಶದ ಚಳವಳಿಗಳಿಗೆ ಪ್ರಿಂಟ್ ಕಳಿಸಿದರು. ಬಡತನದ ಬಗ್ಗೆ ನಡೆದ ಕಾರ್ನೆಗಿ ಅಧ್ಯಯನದ ಜೊತೆಗೆ 20 ಫೋಟೊಗ್ರಾಫರ್‌ಗಳ ಚಿತ್ರ ಸೇರಿಸಿ ಪ್ರದರ್ಶನ ಮಾಡಿದರು, 1986ರಲ್ಲಿ ಅದು ಬಾದ್‌ಶಾ ಸಂಪಾದಿಸಿದ ಪುಸ್ತಕವಾಯಿತು. 1985ರಿಂದ ತುರ್ತು ಪರಿಸ್ಥಿತಿ. ಗಲಭೆ ನಡೆಯುವ ಜಾಗದಲ್ಲಿ ಚಿತ್ರ ತೆಗೆಯುವುದಕ್ಕೇ ನಿಷೇಧ ಬಂತು. ಅಂಥ ಹೊತ್ತಿನಲ್ಲಿ ಒಬ್ಬೊಬ್ಬರೇ ಇದ್ದವರು ಸುಲಭವಾಗಿ ಮುರಿದುಹೋಗುತ್ತಾರೆ. ಕೂಟ ಇದ್ದದ್ದರಿಂದ ಒಬ್ಬರು ಸಿಕ್ಕಿಬಿದ್ದರೂ ಕೆಲಸ ನಿಲ್ಲಲಿಲ್ಲ. ಪುಸ್ತಕಗಳಲ್ಲಿ ನಮಗೆ ಒಂಟಿ ನಾಯಕನ ಕಥೆ ಜಾಸ್ತಿ ಸಿಗುತ್ತದೆ. ಡಾರ್ಕ್‌ರೂಮಿನಲ್ಲಿ ರಾತ್ರಿ ಪೂರ್ತಿ ಪ್ರಿಂಟ್ ಹಾಕಿದವರು, ಚಿತ್ರದ ಹಿಂದೆ ಊರು, ದಿನಾಂಕ ಬರೆದಿಟ್ಟವರು ಕಾಣುವುದಿಲ್ಲ. ಆ ಬರಹ ಇಲ್ಲದಿದ್ದರೆ ಇವತ್ತು ಆ ಚಿತ್ರಗಳಲ್ಲಿ ಎಷ್ಟೋ ಬರೀ ಯಾರೋ ಬಡವರ ಚಿತ್ರ ಆಗಿರುತ್ತಿದ್ದವು.

ಆದರೂ ಒಳಗೊಳಗೇ ಒಂದು ಅಸಮಾಧಾನ ಬೆಳೆಯಿತು. ವಿದೇಶಿ ಪತ್ರಿಕೆಗಳಿಗೆ ಬೇಕಾದದ್ದು ಟಯರ್ ಬೆಂಕಿ, ಲಾಠಿ, ಶವಯಾತ್ರೆ. ಸಾಂಟು ಮೊಫೊಕೆಂಗ್ ಅಫ್ರಾಪಿಕ್ಸ್ ಸೇರಿದ್ದವರು, ಆದರೆ ಇದರಿಂದ ಬೇಸತ್ತರು. ನಮ್ಮ ಜನ ಬರೀ ಹೊಡೆಸಿಕೊಳ್ಳುವವರಾ, ಕಲ್ಲು ಎಸೆಯುವವರಾ? 1986ರಲ್ಲಿ ಅವರು ಸೊವೆಟೊದಿಂದ ಕೆಲಸಕ್ಕೆ ಹೋಗುವ ರೈಲಿನ ಬೋಗಿಗಳಲ್ಲಿ ಜನ ಹಾಡುತ್ತ, ಪ್ರಾರ್ಥನೆ ಮಾಡುತ್ತ ಹೋಗುವುದನ್ನು ತೆಗೆದರು. ಅದೇ ರೈಲು, ಅದೇ ನೂಕುನುಗ್ಗಲು, ಕೋಲ್ ತೆಗೆದದ್ದೂ ಅಂಥದ್ದನ್ನೇ. ಆದರೆ ಇಲ್ಲಿ ಆ ದಣಿವಿನೊಳಗೇ ಜನ ತಮ್ಮದೊಂದು ಜಾಗ ಮಾಡಿಕೊಂಡಿದ್ದಾರೆ. ಆಮೇಲೆ ಅವರು ಕಪ್ಪು ಕುಟುಂಬಗಳ ಮನೆಗಳಲ್ಲಿ ಉಳಿದಿದ್ದ ಹಳೆಯ ಸ್ಟುಡಿಯೋ ಫೋಟೊಗಳನ್ನು ಹುಡುಕಿ ಸೇರಿಸಿದರು. 1890ರಿಂದ 1950ರವರೆಗಿನವು. ಸೂಟು, ಟೋಪಿ, ಲೇಸಿನ ಉಡುಪು ಹಾಕಿ ತಮಗೆ ಬೇಕಾದ ಹಾಗೆ ನಿಂತವರು. ಪಾಸ್‌ಬುಕ್ಕಿನ ಫೋಟೊಗೆ ನೇರ ಎದುರಿನ ಫೋಟೊ ಇದು. ನನಗೆ ಇದು ಗಲಭೆಯ ಯಾವ ಚಿತ್ರಕ್ಕೂ ಕಡಿಮೆಯಿಲ್ಲದ ಪ್ರತಿರೋಧ ಅನ್ನಿಸುತ್ತದೆ.

ಡೇವಿಡ್ ಗೋಲ್ಡ್‌ಬ್ಲಾಟ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಬಿಳಿಯ ಫೋಟೊಗ್ರಾಫರ್, ಕ್ಯಾಮೆರಾವನ್ನು ಆಯುಧ ಅಂತ ಕರೆಯಲು ಒಪ್ಪದವರು. ಇದಕ್ಕೆ ಅವರನ್ನು ಟೀಕಿಸಿದವರೂ ಇದ್ದಾರೆ. ಆದರೆ ಕಪ್ಪು ಜನರಿಗೆಂದು ಸರ್ಕಾರ ಬೇರೆ ಮಾಡಿಟ್ಟಿದ್ದ ಕ್ವಾಎನ್‌ಡೆಬೆಲೆ ಪ್ರದೇಶದಿಂದ ಪ್ರಿಟೋರಿಯಾಕ್ಕೆ ಹೋಗುವ ಬಸ್ಸಿನಲ್ಲಿ, ನಡುರಾತ್ರಿ ದಾಟಿದ ಮೇಲೆ ಹತ್ತಿ, ನಿಂತೇ ನಿದ್ದೆ ಮಾಡುವ ಕಾರ್ಮಿಕರನ್ನು ಅವರು ತೆಗೆದಿದ್ದಾರಲ್ಲ, ಅದನ್ನು ನೋಡಿ ಆಮೇಲೆ ತೀರ್ಮಾನ ಮಾಡಿ. ಕೆಲವರಿಗೆ ಹೋಗಿಬರುವುದಕ್ಕೇ ದಿನಕ್ಕೆ ಎಂಟು ಗಂಟೆ ಬೇಕಾಗುತ್ತಿತ್ತು. 1989ರಲ್ಲಿ ಅವರು ಜೋಹಾನ್ಸ್‌ಬರ್ಗಿನಲ್ಲಿ ಮಾರ್ಕೆಟ್ ಫೋಟೊ ವರ್ಕ್‌ಶಾಪ್ ಶುರು ಮಾಡಿದರು, ಬಾಗಿಲು ಎಲ್ಲ ಜನಾಂಗದವರಿಗೂ ತೆರೆದಿತ್ತು. ಅಲ್ಲಿಂದ ಬಂದ ಕಪ್ಪು ಫೋಟೊಗ್ರಾಫರ್‌ಗಳು ಇವತ್ತು ಜಗತ್ತಿನ ತುಂಬ ಇದ್ದಾರೆ.

ಹಾಗಾದರೆ ಫೋಟೊ ಆ ಸರ್ಕಾರವನ್ನು ಬೀಳಿಸಿತಾ? ಇಲ್ಲ. ಕಾರ್ಮಿಕರ ಮುಷ್ಕರ, ಟೌನ್‌ಶಿಪ್‌ಗಳ, ಅಂದರೆ ಕಪ್ಪು ಜನರ ಬಡಾವಣೆಗಳ ಹೋರಾಟ, ಜೈಲಿಗೆ ಹೋದವರು, ದೇಶಾಂತರದಲ್ಲಿ ಸಂಘಟನೆ ಕಟ್ಟಿದವರು, ಆರ್ಥಿಕ ದಿಗ್ಬಂಧನ, ಇವೆಲ್ಲ ಸೇರಿ ಬೀಳಿಸಿದವು. 1986ರಲ್ಲಿ ಅಮೆರಿಕದ ಕಾಂಗ್ರೆಸ್ ತನ್ನ ಅಧ್ಯಕ್ಷರ ವೀಟೋವನ್ನೇ ಮೀರಿ ದಿಗ್ಬಂಧನದ ಕಾನೂನು ಮಾಡಿತು. ಅಂಥ ತೀರ್ಮಾನದ ಹಿಂದೆ ವರ್ಷಗಟ್ಟಲೆ ಚರ್ಚು, ಕಾಲೇಜು, ಕಾರ್ಮಿಕ ಸಂಘಗಳಲ್ಲಿ ನಡೆದ ಸಭೆಗಳಿದ್ದವು. ಆ ಸಭೆಗಳಿಗೆ ಗೋಡೆಗೆ ಅಂಟಿಸಲು, ಕರಪತ್ರದಲ್ಲಿ ಹಾಕಲು, 'ನೋಡಿ, ಹೀಗಿದೆ' ಅನ್ನಲು ಚಿತ್ರ ಬೇಕಿತ್ತು. ಅದನ್ನು ಒದಗಿಸಿದವರು ಇವರು. ಚಳವಳಿ ಇಲ್ಲದೆ ಆ ಚಿತ್ರ ಡ್ರಾಯರಿನಲ್ಲೇ ಉಳಿಯುತ್ತಿತ್ತು, ಚಿತ್ರ ಇಲ್ಲದೆ ದೂರದ ಊರಿನವರನ್ನು ನಂಬಿಸುವುದು ಕಷ್ಟವಿತ್ತು. ಇದಕ್ಕಿಂತ ದೊಡ್ಡ ಮಾತು ಹೇಳಿದರೆ ಬೀದಿಯಲ್ಲಿ ಸತ್ತವರಿಗೆ ಅನ್ಯಾಯ ಮಾಡಿದ ಹಾಗೆ.

ಯಾರಿಂದ ಶುರು ಮಾಡಬೇಕು ಅಂದಿರಲ್ಲ. ಕೋಲ್‌ನಿಂದ ಶುರು ಮಾಡಿ. 'ಹೌಸ್ ಆಫ್ ಬಾಂಡೇಜ್' 2022ರಲ್ಲಿ ಮತ್ತೆ ಅಚ್ಚಾಗಿದೆ. ಹಳೆಯದರಲ್ಲಿ ಇಲ್ಲದ ಒಂದು ಅಧ್ಯಾಯ ಅದರಲ್ಲಿದೆ, ಕಪ್ಪು ಜನರ ಸಂಗೀತ, ನೃತ್ಯ, ಕಲೆಯ ಚಿತ್ರಗಳು. ಅವನು ತೆಗೆದಿಟ್ಟಿದ್ದ, ಆದರೆ ಆಗ ಪುಸ್ತಕಕ್ಕೆ ಸೇರಿರಲಿಲ್ಲ. ಚಿತ್ರಗಳನ್ನಷ್ಟೇ ನೋಡಿ ಪುಟ ತಿರುಗಿಸಬೇಡಿ, ಕೆಳಗಿನ ಸಾಲುಗಳನ್ನೂ ಓದಿ. ಆಮೇಲೆ ಮೊಫೊಕೆಂಗ್ ಅವರ ರೈಲಿನ ಚಿತ್ರಗಳು. ಎರಡನ್ನೂ ಅಕ್ಕಪಕ್ಕ ಇಟ್ಟು, ಕೋಲ್‌ನ ರೈಲಿನಲ್ಲಿ ಫೋಟೊಗ್ರಾಫರ್ ಎಲ್ಲಿ ನಿಂತಿದ್ದಾನೆ, ಮೊಫೊಕೆಂಗರ ರೈಲಿನಲ್ಲಿ ಎಲ್ಲಿದ್ದಾರೆ, ಯಾರು ಅವರ ಕಡೆ ನೋಡುತ್ತಿದ್ದಾರೆ ಅಂತ ಗಮನಿಸಿ ಒಂದು ಪುಟ ಬರೆಯಿರಿ. ನಿಮ್ಮ ಎರಡನೇ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಲು ನನಗೆ ಗೊತ್ತಿರುವ ಒಳ್ಳೆಯ ಅಭ್ಯಾಸ ಅದೇ. ಬರೆದರೆ ಕಳಿಸಿ, ಓದುತ್ತೇನೆ.